ಅಜ್ಜಂದಿರ ಓಟ

...ಏಳ್ರೀ, ಏಳಿ! ಹೊರಗೆ ಅಜ್ಜಂದಿರ ಓಟಕ್ಕೆ ಕೂಗ್ತಿದಾರೆ, ನೀವಿನ್ನೂ ಕಂಬಳಿ ಮೇಲೆ ಕಾಲು ಚಾಚ್ಕೊಂಡು... ಏನು? ಇನ್ನೂ ಸ್ವಲ್ಪ ತಿಕ್ಕಬೇಕಾ? ಕುರಿ ಕೊಬ್ಬೆಲ್ಲ ನಿಮ್ಮ ಮಂಡಿಗೇ ಹೋಯ್ತು. ಪಲಾವ್‌ಗೆ ಇನ್ನೇನು ಹಾಕ್ಲಿ, ನನ್ನ ತಲೇನಾ?

ಮೊಮ್ಮಗ ಎರ್ಮೆಕ್‌ಗೆ ಇವತ್ತು ವರ್ಷ ತುಂಬಿತು. ಪಾಪ, ಎರಡೂ ಕಾಲು ಜೋಡಿಸಿ ಕರಿ-ಬಿಳಿ ದಾರ ಕಟ್ಟಿಸ್ಕೊಂಡು ಅಂಗಳದಲ್ಲಿ ಕಾಯ್ತಿದೆ ಕೂಸು. ಓಟ ಗೆದ್ದು ಅದನ್ನ ಕತ್ತರಿಸೋರು ಯಾರು? ನೀವು! ಊರೆಲ್ಲ ಹೇಳ್ಕೊಂಡು ಬಂದಿದೀರಲ್ಲ, 'ದಾರ ಕತ್ತರಿಸೋನು ನಾನೇ' ಅಂತ! ಕತ್ತರಿಸಿದವರ ನಡಿಗೇನೇ ಮಗುಗೆ ಬರತ್ತಂತೆ... ದೇವರೇ, ನಮ್ಮ ಎರ್ಮೆಕ್ ಬಾತುಕೋಳಿ ಹಾಗೆ ನಡೀತಾನಲ್ಲ!

ಮುನಿಸ್ಕೊಂಡ್ರಾ? ಆಹಾ, ಮುಖ ನೋಡಿ! ಸುಮ್ನೆ ಅಂದೆ. ನಿಮಗೇನು ಕಮ್ಮಿ? ಓಶ್ ಪಟ್ಟಣದಿಂದ ಬಂದ ಡಾಕ್ಟರಮ್ಮ ನಮ್ಮಿಬ್ಬರನ್ನೂ ತಟ್ಟಿ ಕುಟ್ಟಿ ನೋಡಿ, 'ಕಾಯಿಲೆ ಕಸಾಲೆ ಏನೂ ಇಲ್ಲ' ಅಂದಳಲ್ಲ. ಮತ್ತೆ ಈ ಮಂಡಿ ಯಾಕಮ್ಮ ಹಿಡ್ಕೊಳ್ಳತ್ತೆ ಅಂದ್ರೆ, 'ವಯಸ್ಸಾಯ್ತು ಅಜ್ಜಿ' ಅಂದಳು. ಅದನ್ನ ಹೇಳೋಕೆ ಅಷ್ಟು ಓದಬೇಕಿತ್ತಾ!

ಹಾಂ, ಎದ್ರಿ... ಮೊದಲು ಬೋರಲು... ಈಗ ಅಂಬೆಗಾಲು... ಒಲೆ ಹಿಡ್ಕೊಂಡೀರಾ, ಜೋಕೆ! ಪೆಟ್ಟಿಗೆ, ಆ ಪೆಟ್ಟಿಗೆ ಹಿಡ್ಕೊಳ್ಳಿ... ಭೇಷ್! ಕುದುರೆ ಪಳಗಿಸ್ತಿದ್ದ ಗಂಡಸು, ನೆಲದಿಂದ ಏಳೋಕೆ ಅರ್ಧ ದಿನ! ಯಾಕೆ ನಗ್ತೀರಿ? ನಾನಾಗಿದ್ರೆ ಚಂಗನೆ ಎದ್ದುಬಿಡ್ತಿದ್ದೆ.

ಹೋಗಿ ಮತ್ತೆ. ಟೋಪಿ ಸರಿ ಮಾಡ್ಕೊಳ್ಳಿ.

...ನಾನಾ? ಬರ್ತೀನಿ, ನೀವು ಮುಂದೆ ಹೋಗಿ. ಇಲ್ಲಿ ತಂಪಾಗಿದೆ. ಅಜ್ಜಿಯರ ಓಟನಾ? ಬೀಗಿತ್ತಿ ಓಡ್ಲಿ ಬಿಡಿ, ಮೆರೆಯೋ ಆಸೆ ಅವಳಿಗೆ. ನನಗೆ ಚಹಾ ಕಾಯಿಸೋ ಸಮೋವಾರ್ ನೋಡ್ಕೊಳ್ಳೋದಿದೆ... ಅದು ಅಂಗಳದಲ್ಲಿದೆ, ಗೊತ್ತು ನನಗೆ! ಬೆರಳು ತೋರಿಸ್ಬೇಡಿ!

ಯಾಕ್ರೀ ಹಾಗೆ ನಿಂತ್ರಿ? ಕೈ ಯಾಕೆ ಚಾಚಿದೀರಿ? ನಾನೇನು ಏಳೋಕಾಗ್ದೆ ಕೂತಿದೀನಾ?



...ನಗಿ ಬೇಕಾದ್ರೆ. ಈಗ ನಗಿ!

...ಯಾವಾಗಿಂದ ಗೊತ್ತು ನಿಮಗೆ?

ಆ ಕೈ ತೆಗೀರಿ, ಎಳೆದ್ರೆ ಇಬ್ಬರೂ ಬೀಳ್ತೀವಿ. ಅಗೋ, ಗಲಾಟೆ ಕೇಳಿಸ್ತಾ? ಓಡೋಕೆ ಶುರು ಮಾಡಿದ್ರು! ಹೋಗ್ರೀ, ದಾರ ಬೀಗರ ಪಾಲಾಗತ್ತೆ! ವರ್ಷದಿಂದ ಕಾದಿದೀರಿ ಇದಕ್ಕೆ. ನನಗೇನಾಗಿದೆ, ನಾನು ಇಲ್ಲೇ... ಬೇಡ... ಬೇಡ ಅಂದೆ!... ಅಯ್ಯೋ, ಕೂತೇಬಿಟ್ರಲ್ಲ ಪಕ್ಕದಲ್ಲಿ! ಅಷ್ಟು ಕಷ್ಟಪಟ್ಟು ಎದ್ದು!

ಹುಚ್ಚು ಮುದುಕ... ಈಗ ನಮ್ಮಿಬ್ಬರನ್ನೂ ಎಬ್ಬಿಸೋರು ಯಾರ್ರೀ?