ಮೂರನೆಯ ಕೈ

ನನ್ನ ಚಿಕ್ಕಮ್ಮನ ಮಗನಿಗೆ ಆದದ್ದಿದು. ನಾನು ನಮ್ಮೂರು ಬಿಟ್ಟು ನಲವತ್ತು ವರ್ಷವಾಯಿತು. ಆದರೂ ಊರಾಚೆಯ ಹಾಳು ಬಾವಿಯ ತಿರುವು ಕಣ್ಣಿಗೆ ಕಟ್ಟಿದ ಹಾಗಿದೆ. ಕತ್ತಲಾದರೆ ನಾವು ಅಲ್ಲಿ ಉಸಿರು ಬಿಗಿಹಿಡಿದು ಓಡುತ್ತಿದ್ದೆವು.

ಅವತ್ತು ರಾತ್ರಿ ಹತ್ತಕ್ಕೆ ತಮ್ಮ ಅಲ್ಲಿ ಬೈಕು ತಳ್ಳಿಕೊಂಡು ಬರುತ್ತಿದ್ದ. ಭಯವೇನೂ ಇರಲಿಲ್ಲ... ಮೈಯೆಲ್ಲ ಸಿಟ್ಟು. ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಅವನಿಗೆ ಬೆಳಗಿನ ಐದರ ಪಾಳಿ. ಆ ಹೊತ್ತಿಗೆ ಬಸ್ಸಿಲ್ಲ. ಬೈಕು ಕೈಕೊಟ್ಟು ಒಂದೇ ತಿಂಗಳಲ್ಲಿ ಮೂರು ದಿನ ತಡವಾಗಿತ್ತು. "ನಾಳೆಯೂ ತಡವಾದರೆ ಗೇಟಿನಿಂದಲೇ ಮನೆಗೆ ಹೋಗು" ಎಂದಿದ್ದರು ಮೇಲಿನವರು.

ಮೆಕ್ಯಾನಿಕ್ ಅವತ್ತೂ ಬ್ಯಾಟರಿಗೆ ಮೀಟರ್ ಹಿಡಿದು ನಕ್ಕಿದ್ದ. "ಹನ್ನೆರಡೂವರೆ ವೋಲ್ಟ್. ಗೂಳಿ ಇದ್ದ ಹಾಗಿದೆ. ನಿನ್ನ ಕೈಗುಣವೇ ಸರಿಯಿಲ್ಲ."

"ಸುಮ್ನೆ ಕೂತಿದ್ರೆ ನಾನೂ ಗೂಳಿನೇ ಕಣಯ್ಯಾ! ಸ್ಟಾರ್ಟರ್ ಒತ್ತಿ, ಆಗ ಎಷ್ಟಕ್ಕೆ ಇಳಿಯುತ್ತೆ ನೋಡು!"

ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಂಗಡಿ ಮುಚ್ಚಿ ಹೊರಟೇಹೋದ. ತಮ್ಮ ರೋಸಿಹೋಗಿ ತಾನೇ ಒಂದು ಮೀಟರ್ ಕೊಂಡುಕೊಂಡ.

ಬಾವಿಯ ಹತ್ತಿರ ಸುಸ್ತಾಗಿ ನಿಂತ. ಚಾವಿ ತಿರುಗಿಸಿ ಗುಂಡಿ ಒತ್ತಿದ. ಟಿಕ್. ಟಿಕ್ ಟಿಕ್ ಟಿಕ್... ಅಷ್ಟೇ.

ಸೀಟು ಬಿಚ್ಚಿದ. ಮೀಟರಿನ ಎರಡು ಕಡ್ಡಿಗಳನ್ನು ಎರಡು ಕೈಯಲ್ಲಿ ಹಿಡಿದು ಬ್ಯಾಟರಿಗೆ ಮುಟ್ಟಿಸಿದ. ಹನ್ನೆರಡೂವರೆ. ಅದೇ ಹಾಳು ಹನ್ನೆರಡೂವರೆ! ಸ್ಟಾರ್ಟರ್ ಗುಂಡಿ ಇರುವುದು ಹ್ಯಾಂಡಲಿನಲ್ಲಿ. ಒತ್ತಲು ಹೋದರೆ ಕಡ್ಡಿ ಜಾರುತ್ತದೆ. ಕಡ್ಡಿ ಹಿಡಿದರೆ ಗುಂಡಿ ಎಟುಕುವುದಿಲ್ಲ. ಮೊಣಕೈ ಚಾಚಿದ. ಗದ್ದ ಚಾಚಿದ. ಆಗಲಿಲ್ಲ.

"ಥೂ! ಒತ್ತಿ ಹಿಡಿಯೋಕೆ ಒಬ್ಬರಾದರೂ ಇರಬಾರದಾ..."

ಟಿಕ್.

ಮೀಟರಿನ ಅಂಕಿ ಸರ್ರನೆ ಎಂಟಕ್ಕೆ ಬಿತ್ತು.

"ಇಳೀತು! ನೋಡು, ಇಳೀತು! ಆ ಮುಠ್ಠಾಳನಿಗೆ ಬಡ್ಕೊಂಡೆ ನಾನು!"

"ಇಳಿದದ್ದು... ಮತ್ತೆ ಏರುತ್ತಾ?"

ಹ್ಯಾಂಡಲಿನ ಕಡೆಯಿಂದ ಪಿಸುದನಿ. ಹೆಣ್ಣಿನದು. ಸಿಟ್ಟಿನ ಭರದಲ್ಲಿ ಅವನು ತಲೆ ಎತ್ತಲೇ ಇಲ್ಲ.

"ಏರದೆ ಏನು? ಒಂದು ರಾತ್ರಿ ಮನೇಲಿಟ್ಟರೆ ಏರುತ್ತೆ."

"ಮನೆಗೆ... ಕರ್ಕೊಂಡು ಹೋಗ್ತೀಯಾ?"

"ಮತ್ತೆ? ಇಲ್ಲೇ ಬಿಟ್ಟು ಹೋಗ್ತೀನಾ?"

ಹೇಳಿಯಾದ ಮೇಲೆ ತಲೆಯೆತ್ತಿದ.

ಯಾರೂ ಇಲ್ಲ. ಬಾವಿಯ ರಾಟೆ ಮಾತ್ರ ಕಿರ್ರ್... ಕಿರ್ರ್... ಎನ್ನುತ್ತಿತ್ತು. ಅದರಲ್ಲಿ ಹಗ್ಗವೇ ಇಲ್ಲದೆ ಎಷ್ಟೋ ವರ್ಷವಾಗಿದೆ.

ಅಲ್ಲಿಂದ ಮನೆಯವರೆಗೆ ಹೇಗೆ ತಳ್ಳಿದನೋ ಅವನಿಗೇ ಗೊತ್ತಿಲ್ಲ. ಬೈಕು ಒಂದು ಮೂಟೆ ಹೇರಿದಷ್ಟು ಭಾರವಾಗಿತ್ತಂತೆ. ಮನೆಯಲ್ಲಿ ನೋಡಿದರೆ ಕರೆಂಟಿಲ್ಲ, ಚಾರ್ಜಿಗೆ ಹಾಕುವ ಹಾಗಿಲ್ಲ.

"ನಡ್ಕೊಂಡೇ ಹೋಗಿ. ಎರಡಕ್ಕೆ ಎಬ್ಬಿಸ್ತೀನಿ" ಎಂದಳು ಹೆಂಡತಿ.

ಎರಡಕ್ಕೆ ಎದ್ದು, ಹೋಗುವ ಮುಂಚೆ ಸಿಟ್ಟಿಗೆ ಒಮ್ಮೆ ಗುಂಡಿ ಒತ್ತಿದ.

ಡುರ್ರ್ರ್... ಒಂದೇ ಸಲಕ್ಕೆ!

ಎರಡೂವರೆಗೇ ಗೇಟಿನ ಮುಂದೆ ನಿಂತಿದ್ದ. ಕೆಲಸ ಉಳಿಯಿತು.

ಸಂಜೆ ಮೆಕ್ಯಾನಿಕನ ಕೈಯಲ್ಲೇ ಗುಂಡಿ ಒತ್ತಿಸಿದ, ಕಡ್ಡಿ ತಾನು ಹಿಡಿದ. ಎಂಟು. ಎಂಟಕ್ಕಿಂತಲೂ ಕೆಳಗೆ. ಮೆಕ್ಯಾನಿಕನ ನಗು ನಿಂತಿತು. "ಇದು ಸತ್ತ ಬ್ಯಾಟರಿ ಮಾರಾಯ... ಇದರಲ್ಲಿ ಹೇಗೆ ಬಂದೆ?"

ತಮ್ಮ ಸೀಟು ಮುಚ್ಚಿದ. ಬ್ಯಾಟರಿ ಬದಲಾಯಿಸಲು ಬಿಡಲೇ ಇಲ್ಲ. ಎರಡು ವರ್ಷವಾಯಿತು, ಅದೇ ಬ್ಯಾಟರಿ. ಒಂದು ದಿನವೂ ತಡವಾಗಿಲ್ಲ.

ನಂಬದಿದ್ದರೆ ಬಿಡಿ. ಆದರೆ ತಮ್ಮನ ಹೆಂಡತಿ, ನನ್ನ ನಾದಿನಿ, ಸುಳ್ಳು ಹೇಳುವವಳಲ್ಲ. ಬೆನ್ನುನೋವಿನವಳು, ಆ ಬೈಕಿನಲ್ಲಿ ಒಮ್ಮೆಯೂ ಕೂತವಳಲ್ಲ. ಮೊನ್ನೆ ಫೋನಿನಲ್ಲಿ ದನಿ ತಗ್ಗಿಸಿ ಹೇಳಿದಳು. "ಅತ್ತಿಗೇ, ಹಿಂದೆ ಕೂರೋರ ಫುಟ್‌ರೆಸ್ಟ್ ಎರಡನ್ನೂ ರಾತ್ರಿ ನಾನೇ ಮಡಚಿಟ್ಟು ಮಲಗ್ತೀನಿ. ಬೆಳಿಗ್ಗೆ ನೋಡಿದ್ರೆ ಒಂದು ಬಿಚ್ಚಿರುತ್ತೆ. ದಿನಾ... ಸೀರೆ ಉಟ್ಟೋರು ಕಾಲಿಡೋ ಎಡಗಡೆಯದು ಮಾತ್ರ."