ನಾಲ್ಕು ಲೋಟ ನೀರು

ಅತ್ತೆಯ ರಿಪೋರ್ಟ್ ಹಿಡಿದು ನಾನು ಆಸ್ಪತ್ರೆಯ ಲಿಫ್ಟ್‌ಗಾಗಿ ಕಾಯುತ್ತಿದ್ದೆ. ಮುಂದೆ ಸ್ಕ್ಯಾನಿಂಗ್ ಡಾಕ್ಟರಮ್ಮ ಮತ್ತು ತುರ್ತು ವಿಭಾಗದ ಹಿರಿಯ ನರ್ಸ್ ನಿಂತಿದ್ದರು. ಲಿಫ್ಟ್ ಐದನೇ ಮಹಡಿ ಬಿಟ್ಟು ಅಲ್ಲಾಡುತ್ತಿರಲಿಲ್ಲ.

“ಹೊಟ್ಟೆನೋವು ಅಂತ ಬಂದಿದ್ದ ಹುಡುಗಿಗೆ ಎಚ್ಚರ ಆಯ್ತಾ, ಸಿಸ್ಟರ್?”

“ಆಯ್ತು ಮೇಡಂ. ಜೀವಕ್ಕೇನೂ ಭಯ ಇಲ್ಲ. ಒಂದು ಕಡೆ ಗರ್ಭನಾಳ ಮಾತ್ರ ತೆಗೀಬೇಕಾಯ್ತು.”

“ನಾಳದಲ್ಲೇ ಬಸಿರು ನಿಂತಿತ್ತು. ಯೋನಿ ಮೂಲಕ ಒಳಗಿಂದ ಸ್ಕ್ಯಾನ್ ಮಾಡಿದ್ರೆ ಐದೇ ನಿಮಿಷದಲ್ಲಿ ಗೊತ್ತಾಗ್ತಿತ್ತು. ಹೊಟ್ಟೆ ಮೇಲಿಂದಾನೇ ನೋಡೋಣ ಅಂತ ನಾಲ್ಕು ಲೋಟ ನೀರು ಕುಡಿಸಿ ಕೂರಿಸ್ಬಿಟ್ಟೆ.”

“ಮೂತ್ರಕೋಶ ತುಂಬದೆ ಮೇಲಿಂದ ಸರಿಯಾಗಿ ಕಾಣಲ್ವಲ್ಲ.”

“ಅದು ತುಂಬೋ ಹೊತ್ತಿಗೆ ನಾಳ ಒಡೆದೇ ಹೋಯ್ತು.”

“ಅವಳಮ್ಮ ಪಟ್ಟು ಹಿಡಿದಿದ್ರು ಮೇಡಂ. ಮದುವೆ ಆಗದ ಹುಡುಗಿ, ಒಳಗಿಂದೆಲ್ಲ ಬೇಡವೇ ಬೇಡ ಅಂತ.”

“ಆಯಮ್ಮನ್ನ ಒಂದು ನಿಮಿಷ ಹೊರಗೆ ಕಳಿಸೋಕೆ ನನಗೇನು ಧಾಡಿಯಾಗಿತ್ತು? ಹುಡುಗಿಗೆ ಇಪ್ಪತ್ನಾಲ್ಕು ವರ್ಷ. ಅವಳನ್ನೇ ಒಂದು ಮಾತು ಕೇಳಲಿಲ್ಲವಲ್ಲ ನಾನು.”

ನರ್ಸ್ ಗುಂಡಿಯನ್ನು ಮತ್ತೊಮ್ಮೆ ಒತ್ತಿದರು.

“ಅವಳು ಹೇಳೋಕೆ ನೋಡಿದ್ಲು ಮೇಡಂ.”

“ಯಾವಾಗ?”

“ಮೂರನೇ ಲೋಟ ಕೊಡುವಾಗ. ‘ಅಮ್ಮನ್ನ ಸ್ವಲ್ಪ ಹೊರಗೆ ಕಳಿಸ್ತೀರಾ’ ಅಂತ ನನ್ನ ಕಿವೀಲಿ ಕೇಳಿದ್ಲು.”

“ನೀವೇನಂದ್ರಿ?”

“‘ಆಮೇಲೆ ನೋಡೋಣ, ಮೊದಲು ನೀರು ಕುಡಿಯಮ್ಮ’ ಅಂದೆ.”

ಲಿಫ್ಟ್ ಬಂದು ಬಾಗಿಲು ತೆರೆಯಿತು. ಡಾಕ್ಟರಮ್ಮ ಒಳಗೆ ಹೋಗಿ ಬಾಗಿಲು ಮುಚ್ಚದಂತೆ ಕೈ ಅಡ್ಡ ಹಿಡಿದರು. ನರ್ಸ್ ಆ ಕೈಯನ್ನೊಮ್ಮೆ ನೋಡಿ, ಮೆಟ್ಟಿಲ ಕಡೆಗೆ ನಡೆದರು.