ಕೆಂಚವ್ವ ದಲ್ಲಾಳಿಗೆ ಕೇಳಿದ ಮಾತು

ಹೂಂ ಅಂತೀರೇನ್ರಿ? ಹೂಂ ಅಂದ್ರ ಹೇಳತೀನಿ. ಸುಮ್ನ ಕುಂತ್ರ ಕಥಿ ಹೊಳ್ಳಿ ಹೋಗತೈತಿ.

ಯಾವುದೋ ಒಂದು ಸೀಮಿ. ಅಲ್ಲಿ ಬೀರಪ್ಪ ಅಂತ ಒಬ್ಬ ಕುರಿಗಾರ, ಕೆಂಚವ್ವ ಅಂತ ಅವನ ಹೆಂಡತಿ. ಹುಟ್ಟಿದಾಗಿಂದ ಕುರಿ ಹಿಂದ ತಿರುಗಿದವರು. ಇವತ್ತು ಈ ಹೊಲ, ನಾಳೆ ಆ ಗುಡ್ಡ. ಹಿಂಗಿರಬೇಕಾದ್ರ ಮಗಳು ಬಸುರಾದ್ಲು. ಚೊಚ್ಚಲ ಹೆರಿಗಿ ತವರಿನ್ಯಾಗ ಆಗಬೇಕಲ್ಲ? ತವರು ಅಂದ್ರ ಎಲ್ಲಿ? ಬಯಲಿನ್ಯಾಗ?

"ಕುರಿ ಮಾರಿ ಮನಿ ತಗೊಳ್ಳೂಣು," ಅಂದ್ಲು ಕೆಂಚವ್ವ.

"ಹಂಗಾದ್ರ ದಲ್ಲಾಳಿ ಈರಭದ್ರನ್ನ ಕರೀತೀನಿ," ಅಂದ ಬೀರಪ್ಪ.

"ಅಂವ ಯಾಕ? ನಮಗ ಕಣ್ಣಿಲ್ಲ? ಬಾಯಿಲ್ಲ? ಕಾಲಿಲ್ಲ?"

ಹೋದ್ರು, ತಾವ ಹೋದ್ರು. ಚಂದನ್ನ ಹಂಚಿನ ಮನಿ, ಅಂಗಳದಾಗ ಬೇವಿನ ಗಿಡ. ಇನ್ನೇನು ಮಾತು ಕೊಡಬೇಕು, ಮಾರಾಂವನ ತಮ್ಮ ಓಡಿ ಬಂದ. "ಅಣ್ಣಾ, ನನ್ನ ಪಾಲು ಐತಿ, ನನ್ನ ಕೇಳದ ಹೆಂಗ ಮಾರತೀಯೋ?" ಅಣ್ಣ ತಮ್ಮ ಕೈಕೈ ಮಿಲಾಯಿಸಿದ್ರು. ಇವರು ಮೆಲ್ಲಕ ಹೊರಬಿದ್ರು.

"ನೋಡಿದ್ಯಾ? ದಲ್ಲಾಳಿಗೆ ಇದೆಲ್ಲಾ ಗೊತ್ತಿರತಿತ್ತು," ಅಂದ ಬೀರಪ್ಪ.

ಆತು, ಈರಭದ್ರ ಬಂದ. ರುಮಾಲು ಸುತ್ತಿ, ಎಲಿ ಅಡಿಕಿ ಮೆಲಕೋತ ಇನ್ನೊಂದು ಮನಿ ತೋರಿಸಿದ. "ಬಾಗಿಲಾ ನೋಡ್ರಿ! ಬೆಳಕು ನೋಡ್ರಿ! ಬಾವಿ ನೋಡ್ರಿ!" ಕೆಂಚವ್ವ ಬಾವಿ ನೀರು ಸೇದಿ ಕುಡದು ಥೂ ಅಂತ ಉಗುಳಿದ್ಲು. ಉಪ್ಪಂದ್ರ ಉಪ್ಪು!

"ನಿನಗ ಗೊತ್ತಿರಲಿಲ್ಲೇನು?"

"ಗೊತ್ತಿತ್ತವ್ವ. ನೀವು ಕೇಳಲಿಲ್ಲ."

ಬೀರಪ್ಪ ಬಡಿಗಿ ಎತ್ತಿದ. ಕೆಂಚವ್ವಗ ಸಿಟ್ಟು ಬಂತೇನು? ಇಲ್ರಿ. ಕುತೂಹಲ ಬಂತು. ಹೊಸ್ತಿಲದಾಗ ಕುಂತು ಕೇಳಿದ್ಲು:

"ಈರಭದ್ರಣ್ಣ, ನೀ ಯಾರ ಕಡಿಯಾಂವ? ಮಾರೋರ ಕಡಿಯಾಂವೋ, ನಮ್ಮ ಕಡಿಯಾಂವೋ?"

"ಇಬ್ಬರ ಕಡಿಯಾಂವನೂ ಹೌದು. ಇಬ್ಬರೂ ಕೂಲಿ ಕೊಡತಾರಲ್ಲ."

"ಇನ್ನ ಅವರ ಹತ್ರ ತಗೋಬ್ಯಾಡ. ನಾವಷ್ಟ ಕೊಡತೀವಿ. ಮನಿ ಚಲೋ ಇಲ್ಲ, ಬ್ಯಾಡ ಅಂತ ನೀ ಹೇಳಿದ್ರೂ ಕೊಡತೀವಿ."

"ಬ್ಯಾಡ ಅನ್ನಾಕೂ ಕೂಲಿನ?"

"ಬ್ಯಾಡ ಅನ್ನಾಕೂ."

ಇಂಥಾ ಮಾತು ಅವನಿಗೆ ಯಾರೂ ಅಂದಿರಲಿಲ್ಲ. ರುಮಾಲು ಬಿಚ್ಚಿದ, ಮತ್ತ ಸುತ್ತಿದ.

ಮತ್ತೊಂದು ಮನಿಗೆ ಹೋದ್ರು. ಕೆತ್ತನಿ ಕಂಬ, ಅಗಲ ಪಡಸಾಲಿ. ಬೀರಪ್ಪ ಬಾಯಿ ತಗದು ನಿಂತ. ಈರಭದ್ರ ಕೆಮ್ಮಿದ, ತಲಿ ಕೆರಕೊಂಡ, ಕಡೀಕ ಅಂದ: "ಬ್ಯಾಡ್ರಿ. ಮಳಿ ಬಂದ್ರ ಹಳ್ಳದ ನೀರು ಅಡಿಗಿಮನಿಗೇ ನುಗ್ಗತೈತಿ."

ಮಾರಾಂವ ಹಲ್ಲು ಕಡದ. "ನಿನಗೇನು ಹುಚ್ಚು ಹಿಡದೈತೇನೋ?"

ಕೆಂಚವ್ವ ಅಲ್ಲೇ ಚೀಲ ಬಿಚ್ಚಿ ಕೂಲಿ ಕೊಟ್ಲು. ಈರಭದ್ರ ಅದನ್ನ ಅಂಗೈಯಾಗ ಇಟಗೊಂಡು ನೋಡಿಕೋತ ನಿಂತ.

ಮರುದಿನ ಹೊತ್ತು ಏರೋದ್ರಾಗ ತಾನ ಹುಡುಕ್ಕೊಂಡು ಬಂದ. ಇವರನ್ನ ಇನ್ನೊಂದು ಮನಿಗೆ ಕರಕೊಂಡು ಹೋದ. ಸಣ್ಣ ಮನಿ, ಗಿಡ್ಡ ಬಾಗಿಲಾ. "ಈ ಮೂಲ್ಯಾಗ ಸೋರತೈತಿ, ಸರಿ ಮಾಡಸಬೇಕು. ಹಿತ್ತಲಾಗ ಇರುವಿ ಕಾಟ. ನೀರು ಸಿಹಿ. ಪಾಲುದಾರರು ಯಾರೂ ಇಲ್ಲ."

ಕೆಂಚವ್ವ ನೀರು ಕುಡದ್ಲು. ಗೋಡಿ ಬಡದು ನೋಡಿದ್ಲು. "ಆಚಿಗೆ ಯಾರದಾರ?"

"ನಾನ ಅದೀನವ್ವ. ಅದು ನಮ್ಮನಿ."

"ಮತ್ತ ಇದನ್ನ ಮೊದಲ ಯಾಕ ತೋರಿಸಲಿಲ್ಲ?"

ಈರಭದ್ರ ನೆಲ ನೋಡಿದ. "ನನ್ನ ಕಡಿಂದ ಮನಿ ತಗೊಂಡವರು ಬಗಲಾಗ ಇದ್ರ ದಿನಾ ಬೈಸಿಕೋಬೇಕಾಗತೈತಿ ಅಂತ ಅಂಜತಿದ್ದೆ."

ಕೆಂಚವ್ವ ಹೊಟ್ಟಿ ಹಿಡಕೊಂಡು ನಕ್ಕಳು. ಅಲ್ಲೇ ಮಾತು ಕೊಟ್ಲು.

ಅವರು ಸೂರಿನ ಕೆಳಗ ಬೆಚ್ಚಗ, ನಾವು ಕಟ್ಟಿ ಮ್ಯಾಲ ತಣ್ಣಗ. ಕಥಿ ನಿಮ್ಮ ಮಡಿಲಿಗೆ, ನಿದ್ದಿ ನನ್ನ ಕಣ್ಣಿಗೆ.